ಡಾಂಬರಿಗೂ ಸೈ, ಕೆಸರಿಗೂ ಸೈ

2024ರ ಆಯುಧಪೂಜೆಯ ಮುಂಜಾನೆ ಡೊಂಬಿವಲಿಯಲ್ಲಿ ನಮ್ಮ ಬಿಲ್ಡಿಂಗಿನ ಕೆಳಗೆ ಒಂದು ಹೊಸ ಮೋಟಾರ್ ಸೈಕಲ್ಲು ಬಂದು ನಿಂತಿತು. ಚೆಂಡುಹೂವಿನ ಮಾಲೆ ಹಾಕಿ, ಕುಂಕುಮ ಹಚ್ಚಿ, ಎರಡು ಗಾಲಿಗಳ ಕೆಳಗೆ ಎರಡು ಲಿಂಬೆಹಣ್ಣು ಇಟ್ಟದ್ದಾಯಿತು. ಎಂಬತ್ತು ದಾಟಿದ ನಮ್ಮ ತಾಯಿಯವರನ್ನು ಆರತಿ ಬೆಳಗಲೆಂದು ಕೆಳಗೆ ಕರೆತಂದೆವು. ಅವರು ಗಾಡಿಯನ್ನು ಮೇಲಿಂದ ಕೆಳಗಿನವರೆಗೆ ಒಮ್ಮೆ ನೋಡಿ, "ಯಪ್ಪಾ, ಇದು ಕುದುರಿ ಅಲ್ಲೋ, ಒಂಟಿ! ಇದರ ಮ್ಯಾಲ ಹತ್ತೂದು ಹೆಂಗೋ?" ಎಂದರು. ನೆರೆದವರೆಲ್ಲ ನಕ್ಕರು. ನಮ್ಮ ಮಗನೂ ನಕ್ಕ. ಆದರೆ ಮುದುಕಿ ಆಡಿದ ಮಾತಿನಲ್ಲಿ ಸತ್ಯವೂ ಇತ್ತೆಂಬುದು ನಮಗೆ ಆಮೇಲೆ ತಿಳಿಯಿತು.

ಇಂಥ ಗಾಡಿಯೇ ಏಕೆ ಬೇಕಾಯಿತು ಎಂದು ವಾಚಕರು ಕೇಳಬಹುದು. ನಮ್ಮ ಮಗನ ಕೆಲಸ ಐರೋಲಿಯಲ್ಲಿ. ಹೋಗುವುದು ಮಧ್ಯಾಹ್ನ, ಬರುವುದು ನಡುರಾತ್ರಿ. ಲೋಕಲ್ ಗಾಡಿಯಲ್ಲಿ ಠಾಣೆಗೆ ಹೋಗಿ ಅಲ್ಲಿ ಬದಲಿಸುವುದು ಹಗಲಿಗೆ ಸರಿ. ರಾತ್ರಿಯ ಕಡೆಯ ಗಾಡಿ ತಪ್ಪಿದರೆ ಫಲಾಟಿನ ಮೇಲೆಯೇ ಬೆಳಗು ಮಾಡಬೇಕು. ಆದುದರಿಂದ ಕಲ್ಯಾಣ–ಶೀಳ ರಸ್ತೆ ಹಿಡಿದು, ಶೀಳ್‌ಫಾಟಾ, ಮಹಾಪೆ ದಾಟಿ ಐರೋಲಿ ಸೇರುವ ದಾರಿಯೇ ಗತಿ. ಆ ದಾರಿಯ ವರ್ಣನೆಯನ್ನು ಈ ಪತ್ರಿಕೆಯ ಓದುಗರಿಗೆ ಮಾಡಬೇಕಾದುದಿಲ್ಲ. ಒಂದು ಕಡೆ ಕಾಂಕ್ರೀಟು, ಒಂದು ಕಡೆ ಡಾಂಬರು, ನಡುವೆ ಮೆಟ್ರೋದ ಅಗೆತ, ಮಳೆಗಾಲದಲ್ಲಿ ಎಲ್ಲವನ್ನೂ ಸಮ ಮಾಡಿ ಮುಚ್ಚುವ ನೀರು. ನಮ್ಮ ಹಳೆಯ ಸ್ಕೂಟರಿನ ಸಣ್ಣ ಗಾಲಿಗಳು ಅಲ್ಲಿನ ಒಂದೊಂದು ಗುಂಡಿಯಲ್ಲಿ ಇಳಿದೇ ಏಳುತ್ತಿದ್ದವು. "ರಸ್ತೆ ಬದಲಾಗೂದಿಲ್ಲ ಅಪ್ಪಾ, ಗಾಡೀನ ಬದಲ ಮಾಡೋಣ" ಎಂದ ಮಗ. ಅವನ ತರ್ಕಕ್ಕೆ ಎದುರಾಡಲು ನಮ್ಮಲ್ಲಿ ಮಾತಿರಲಿಲ್ಲ.

ನಮ್ಮ ಗಾಡಿ ಯಾವ ಕಂಪನಿಯದೆಂದು ಇಲ್ಲಿ ಹೇಳಹೊರಟಿಲ್ಲ; ಇದು ಜಾಹೀರಾತಲ್ಲ. ನಾವು ಕಂಡುಂಡದ್ದನ್ನು ನಾಲ್ಕು ಮನೆಗಳಿಗೆ ಹೇಳಬೇಕೆಂಬುದಷ್ಟೆ ನಮ್ಮ ಆಸೆ. ಏಕೆಂದರೆ ಈಗ ಠಾಣೆಯ ಎಂ.ಎಚ್. 04, ಕಲ್ಯಾಣದ 05, ವಾಶಿಯ 43, ಯಾವ ಫಲಕ ನೋಡಿದರೂ ಇಂಥ ಎತ್ತರದ ಗಾಡಿಗಳು ಹೆಚ್ಚುತ್ತಿವೆ. ನಮ್ಮ ಕನ್ನಡ ಮನೆಗಳ ಹುಡುಗರೂ ಅವುಗಳ ಮೇಲೆ ಕಣ್ಣಿಟ್ಟಿದ್ದಾರೆ.

ಗಾಡಿಯ ಕುಲಗೋತ್ರ

ಡಾಂಬರಿನ ಮೇಲೂ ಮಣ್ಣಿನ ಮೇಲೂ ಓಡಲೆಂದೇ ಮಾಡಿದ ಈ ಜಾತಿಗೆ 'ಡ್ಯುಯಲ್ ಸ್ಪೋರ್ಟ್' ಎಂದು ಹೆಸರು. 1968ರಲ್ಲಿ ಜಪಾನಿನ ಯಮಾಹಾ ಕಂಪನಿ ತಂದ ಡಿ.ಟಿ. 1 ಎಂಬ 250 ಸಿ.ಸಿ. ಗಾಡಿ ಈ ಜಾತಿಯನ್ನು ಜನಪ್ರಿಯ ಮಾಡಿತು. ನಮ್ಮ ದೇಶದಲ್ಲಿ ಹೀರೋ ಕಂಪನಿಯ ಇಂಪಲ್ಸ್ 2011ರಲ್ಲಿ ಬಂದು ಕೆಲವು ವರ್ಷಗಳಲ್ಲಿ ನಿಂತುಹೋಯಿತು. 2016ರಲ್ಲಿ ರಾಯಲ್ ಎನ್‌ಫೀಲ್ಡಿನ 411 ಸಿ.ಸಿ. ಹಿಮಾಲಯನ್, 2019ರಲ್ಲಿ ಹೀರೋದ ಎಕ್ಸ್‌ಪಲ್ಸ್ 200 ಬಂದ ಮೇಲೆ ಇಂಥ ಗಾಡಿ ಸಾಮಾನ್ಯ ಸಂಬಳದವರ ಕೈಗೂ ಎಟುಕಿತು. 2023ರಲ್ಲಿ ಹಿಮಾಲಯನ್ 452 ಸಿ.ಸಿ.ಗೆ ಬೆಳೆಯಿತು, 2025ರಲ್ಲಿ ಎಕ್ಸ್‌ಪಲ್ಸ್ 210 ಬಂದಿತು.

ಕನ್ನಡಿಗರಿಗೆ ಇದರಲ್ಲಿ ಇನ್ನೊಂದು ಸಂಬಂಧವುಂಟು. ಮೈಸೂರಿನ ಐಡಿಯಲ್ ಜಾವಾ ಕಾರಖಾನೆಯನ್ನು ನಮ್ಮ ಹಿರಿಯರು ಮರೆತಿರಲಾರರು. ಅರವತ್ತರ ದಶಕದ ಆರಂಭದಲ್ಲಿ ಹುಟ್ಟಿ, ಜಾವಾವನ್ನೂ ಆಮೇಲೆ ಯೆಜ್ಡಿಯನ್ನೂ ನಾಡಿಗೆ ಕೊಟ್ಟು, 1996ರಲ್ಲಿ ಅದು ಮುಚ್ಚಿತು. ನಾವು ಧಾರವಾಡದಲ್ಲಿ ಕಾಲೇಜು ಕಲಿಯುವಾಗ ನಮ್ಮ ಸೋದರಮಾವನವರ ಯೆಜ್ಡಿಯ ಮೇಲೆ ಕೈ ಕಲಿತವರು. ಕಿಕ್ ಹೊಡೆಯುವ ಕೋಲೇ ಮಡಚಿದರೆ ಗೇರಿನ ಕೋಲಾಗುತ್ತಿದ್ದ ಆ ಗಾಡಿ ಕಪ್ಪು ಮಣ್ಣಿನ ಬಂಡಿದಾರಿಯಲ್ಲಿ ಸದ್ದು ಮಾಡುತ್ತ ಹೋಗುತ್ತಿತ್ತು. ಅದಕ್ಕೆ ಯಾರೂ ಡ್ಯುಯಲ್ ಸ್ಪೋರ್ಟ್ ಎನ್ನುತ್ತಿರಲಿಲ್ಲ. ಆ ಹೆಸರು 2022ರ ಜನವರಿಯಲ್ಲಿ ಬೇರೆ ಕಂಪನಿಯ ಕೈಯಲ್ಲಿ ಮತ್ತೆ ಹುಟ್ಟಿದಾಗ, ಅದರ ಮೂರು ಮಾದರಿಗಳಲ್ಲಿ ಒಂದರ ಹೆಸರು 'ಅಡ್ವೆಂಚರ್' ಎಂದೇ ಇತ್ತು.

ಮರಳುಗಾಡಿನ ಡಕಾರ್ ರ‍್ಯಾಲಿಯನ್ನು 2015ರಲ್ಲಿ ಪೂರೈಸಿದ ಮೊದಲ ಭಾರತೀಯ ಸವಾರ ಬೆಂಗಳೂರಿನ ಸಿ.ಎಸ್. ಸಂತೋಷ್. ಉಡುಪಿಯ ಕೆ.ಪಿ. ಅರವಿಂದ್ 2019ರಲ್ಲಿ ಅದೇ ರ‍್ಯಾಲಿಯನ್ನು ಮುಗಿಸಿದರು. ಅದೇ ವರ್ಷ ಬೆಂಗಳೂರಿನ ಐಶ್ವರ್ಯಾ ಪಿಸ್ಸೆ ಬಾಹಾ ಪಂದ್ಯಗಳ ಮಹಿಳೆಯರ ವಿಶ್ವಕಪ್ಪನ್ನು ಗೆದ್ದರು. ನಮ್ಮ ಮಗನ ಕೋಣೆಯ ಗೋಡೆಯ ಮೇಲೆ ಈ ಮೂವರ ಚಿತ್ರಗಳೂ ಇವೆ. ಅವರ ಸಾಹಸದ ಹಿಂದೆ ಎಷ್ಟು ವರ್ಷಗಳ ಶಿಸ್ತು ಇದೆಯೆಂಬುದನ್ನು ಮಾತ್ರ ಚಿತ್ರಗಳು ಹೇಳುವುದಿಲ್ಲ.

ಕೊಳ್ಳುವ ಮುಂಚೆ

ಈ ಜಾತಿಯ ಗಾಡಿಗೆ ಮುಂದಿನ ಗಾಲಿ ದೊಡ್ಡದು, ಸಾಮಾನ್ಯವಾಗಿ 21 ಇಂಚು. ದೊಡ್ಡ ಗಾಲಿ ಗುಂಡಿಯೊಳಗೆ ಬೀಳದೆ ಅದರ ಮೇಲೆ ಉರುಳಿಹೋಗುತ್ತದೆ. ಗಾಲಿ ಮೇಲೆ ಕೆಳಗೆ ಆಡುವ ಅವಕಾಶ ಹೆಚ್ಚು. ಇಂಜಿನ್ನಿನ ಹೊಟ್ಟೆ ನೆಲದಿಂದ 220 ಮಿಲಿಮೀಟರಿನ ಆಚೀಚೆ ಎತ್ತರದಲ್ಲಿರುತ್ತದೆ. ಇವೆಲ್ಲದರ ಫಲವಾಗಿ ಆಸನವೂ ಮೇಲೇರುತ್ತದೆ. ಎಕ್ಸ್‌ಪಲ್ಸ್ 200ರ ಸಾಮಾನ್ಯ ಮಾದರಿಯಲ್ಲಿ ಅದು 825 ಮಿಲಿಮೀಟರು. ಕಂಪನಿಯೇ ಇನ್ನಷ್ಟು ಎತ್ತರಿಸಿ ಮಾರಿದ 'ಪ್ರೊ' ಮಾದರಿಯಲ್ಲಿ 891. ಕಾಗದದ ಮೇಲೆ ಇದು ಮೂರು ಬೆರಳಿನ ವ್ಯತ್ಯಾಸ. ಸಿಗ್ನಲ್ಲಿನಲ್ಲಿ ಒಂದು ಕಾಲು ಊರಿ, ಹಿಂದೆ ಒಬ್ಬರನ್ನು ಕೂಡಿಸಿಕೊಂಡು, ಇಳಿಜಾರಿನಲ್ಲಿ ನಿಲ್ಲಬೇಕಾದಾಗ ಅದರ ಅರ್ಥ ತಿಳಿಯುತ್ತದೆ. ಆದುದರಿಂದ ಅಂಗಡಿಯಲ್ಲಿ ಗಾಡಿಯ ಮೇಲೆ ಸುಮ್ಮನೆ ಕೂತು ನೋಡಿದರೆ ಸಾಲದು. ಹಿಂದೆ ಕೂಡುವವರನ್ನೂ ಕರೆದುಕೊಂಡು ಹೋಗಿ, ಹತ್ತಿಸಿ, ಇಳಿಸಿ, ಒಂದು ಸುತ್ತು ಹೊಡೆದು ನೋಡಬೇಕು.

ಬೆಲೆಯ ಮಾತು ಬಂದಿತೆಂದು ಹೇಳುತ್ತೇವೆ. 2025ರ ಸೆಪ್ಟೆಂಬರ್ 22ರಿಂದ 350 ಸಿ.ಸಿ.ವರೆಗಿನ ದ್ವಿಚಕ್ರಗಳ ಮೇಲಿನ ಜಿ.ಎಸ್.ಟಿ. ಶೇಕಡಾ 28ರಿಂದ 18ಕ್ಕೆ ಇಳಿಯಿತು. ಅದಕ್ಕೆ ಮೇಲ್ಪಟ್ಟವಕ್ಕೆ 40 ಆಯಿತು. ನಾವು ಕೊಂಡದ್ದು ಅದಕ್ಕೆ ಮೊದಲು, ನಮ್ಮ ನಸೀಬು. ಹೊಸದಾಗಿ ಕೊಳ್ಳುವವರು ಉಳಿದ ಹಣವನ್ನು ಯಾವುದಕ್ಕೆ ತೆಗೆದಿಡಬೇಕೆಂಬುದು ಮುಂದೆ ಬರುತ್ತದೆ.

ರವಿವಾರದ ಸೇವೆ

ಗಾಡಿ ಬಂದ ಮೇಲೆ ನಮ್ಮ ರವಿವಾರಗಳ ಸ್ವರೂಪವೇ ಬದಲಾಯಿತು. ಅಪ್ಪ ಮಗ ಇಬ್ಬರೂ ಬೆಳಿಗ್ಗೆ ಏಳಕ್ಕೆ ಒಂದು ಬಕೆಟ್ಟು, ಹಳೆಯ ಹಲ್ಲುಜ್ಜುವ ಬ್ರಶ್ಶು, ಚಿಂದಿಬಟ್ಟೆ ಹಿಡಿದು ಕೆಳಗಿಳಿಯುವುದನ್ನು ಕಂಡು ವಾಚ್‌ಮನ್ನನೂ ಚಹಾ ಲೋಟ ಹಿಡಿದು ಬಂದು ಕೂಡಲಾರಂಭಿಸಿದ.

ಮೊದಲ ಕೆಲಸ ಚೈನು. ಧೂಳು, ಕೆಸರು ಎರಡನ್ನೂ ತಿನ್ನುವ ಚೈನು ಬೇಗ ಸವೆಯುತ್ತದೆ. ಸುಮಾರು 500 ಕಿಲೋಮೀಟರಿಗೊಮ್ಮೆ, ಮಳೆಗಾಲದಲ್ಲಿ ಅದಕ್ಕೂ ಮೊದಲೇ, ತೊಳೆದು ಒರೆಸಿ ಎಣ್ಣೆ ಕೊಡಬೇಕು. ಗಾಲಿ ತಿರುಗಿಸುವಾಗ ಇಂಜಿನ್ನು ಬಂದಾಗಿರಲೇಬೇಕು. ಗೇರಿನಲ್ಲಿ ಓಡುತ್ತಿರುವ ಚೈನಿಗೆ ಬಟ್ಟೆ ಹಿಡಿದು ಬೆರಳು ಕಳೆದುಕೊಂಡವರುಂಟು. ಚೈನು ಎಷ್ಟು ಸಡಿಲವಿರಬೇಕೆಂಬ ಅಳತೆ ಗಾಡಿಯ ಕೈಪಿಡಿಯಲ್ಲಿದೆ. ಈ ಎತ್ತರದ ಗಾಡಿಗಳಲ್ಲಿ ಹಿಂದಿನ ಗಾಲಿ ಬಹಳ ಆಡುವುದರಿಂದ, ನೋಡಲು ಬಿಗಿಯಾಗಿದ್ದರೆ ಚೆಂದವೆಂದು ಬಿಗಿದರೆ ಗುಂಡಿ ಹಾರುವಾಗ ಚೈನೂ ಬೇರಿಂಗೂ ಎರಡೂ ಕೆಡುತ್ತವೆ.

ಎರಡನೆಯದು ಗಾಲಿಯ ಕಡ್ಡಿಗಳು. ಅಚ್ಚು ಗಾಲಿ ಕಲ್ಲಿಗೆ ಹೊಡೆದರೆ ಬಿರುಕು ಬಿಡಬಹುದು. ಕಡ್ಡಿಯ ಗಾಲಿ ಸ್ವಲ್ಪ ಬಾಗಿ ಪೆಟ್ಟನ್ನು ನುಂಗುತ್ತದೆ. ಆದರೆ ಕಡ್ಡಿ ಸಡಿಲಾಗುತ್ತದೆ. ಒಂದು ಸಣ್ಣ ಪಾನಾದಿಂದ ಒಂದೊಂದೇ ಕಡ್ಡಿಯನ್ನು ಮೆಲ್ಲಗೆ ತಟ್ಟಿದರೆ ಬಿಗಿಯಾದದ್ದು 'ಟಿಣ್' ಎನ್ನುತ್ತದೆ, ಸಡಿಲಾದದ್ದು 'ಟಪ್' ಎನ್ನುತ್ತದೆ. ಸಂಘದ ಸಂಗೀತದ ವರ್ಗಕ್ಕೆ ಹೋಗುವ ನಮ್ಮ ಮಗಳು ಇದರಲ್ಲಿ ಅಣ್ಣನಿಗಿಂತ ಚುರುಕು. "ಇದು ಶ್ರುತಿ ತಪ್ಪೇದ ನೋಡು" ಎಂದು ಮುಟ್ಟಿ ತೋರಿಸುತ್ತಾಳೆ. ತೋರಿಸಿದ್ದನ್ನು ಬಿಗಿಯುವುದು ಮಾತ್ರ ಬಲ್ಲ ಮಿಸ್ತ್ರಿಯ ಕೆಲಸ; ಒಂದನ್ನು ಹೆಚ್ಚು ಬಿಗಿದರೆ ಗಾಲಿಯೇ ಸೊಟ್ಟಗಾಗುತ್ತದೆ.

ಇಂಥ ಗಾಲಿಗಳಲ್ಲಿ ಬಹುಪಾಲು ಟ್ಯೂಬಿನವು. ಮೊಳೆ ಹೊಕ್ಕರೆ ಟ್ಯೂಬ್‌ಲೆಸ್ಸಿನ ಹಾಗೆ ಗಾಳಿ ಮೆಲ್ಲಗೆ ಇಳಿಯುವುದಿಲ್ಲ. 21 ಇಂಚಿನ ಟ್ಯೂಬು ಎಲ್ಲ ಪಂಕ್ಚರ್ ಅಂಗಡಿಗಳಲ್ಲಿ ಇರುವುದೂ ಇಲ್ಲ. ಶೀಳ್‌ಫಾಟಾದ ಹತ್ತಿರ ಇದನ್ನು ಕಲಿಯಲು ಮಗನಿಗೆ ಎರಡು ತಾಸು ಹಿಡಿಯಿತು. ಅಂದಿನಿಂದ ಒಂದು ಟ್ಯೂಬು, ಎರಡು ಟೈರು ತೆಗೆಯುವ ಪಟ್ಟಿ, ಒಂದು ಸಣ್ಣ ಪಂಪು ಗಾಡಿಯಲ್ಲೇ ಇರುತ್ತವೆ.

ಮೂರನೆಯದು ಗಾಳಿ ಸೋಸುವ ಫಿಲ್ಟರು. ಘೋಡ್‌ಬಂದರ್ ರಸ್ತೆಯಲ್ಲಿ, ಕಲ್ಯಾಣದ ಸುತ್ತ, ಎಲ್ಲಿ ನೋಡಿದರೂ ಕಟ್ಟಡ, ಮೆಟ್ರೋಗಳ ಧೂಳು. ಕೈಪಿಡಿಯಲ್ಲಿ ಬರೆದ ಅವಧಿ ಒಳ್ಳೆಯ ರಸ್ತೆಗೆ. ನಮ್ಮಲ್ಲಿ ಅದಕ್ಕಿಂತ ಮುಂಚೆಯೇ ಬಿಚ್ಚಿ ನೋಡಬೇಕು. ನವಿ ಮುಂಬಯಿಯ ಖಾಡಿಯ ದಂಡೆಯವರಿಗೆ ಉಪ್ಪುಗಾಳಿ, ಡೊಂಬಿವಲಿ ಎಂ.ಐ.ಡಿ.ಸಿ.ಯವರಿಗೆ ರಸಾಯನದ ಗಾಳಿ. ಎರಡೂ ಕಬ್ಬಿಣದ ವೈರಿಗಳೇ. ವಾರಕ್ಕೊಮ್ಮೆ ಸಿಹಿನೀರಿನಿಂದ ತೊಳೆದು ಒಣಗಿಸಿದರೆ ತುಕ್ಕು ದೂರವಿರುತ್ತದೆ. ಜೋರಿನ ನೀರಿನ ಪೈಪನ್ನು ಬೇರಿಂಗು, ಚೈನು, ವಾಯರುಗಳಿಗೆ ನೇರವಾಗಿ ಹಿಡಿಯಬಾರದು.

ಮಾರ್ಪಾಡಿನ ಮೋಹ

ಗಾಡಿ ಬಂದು ತಿಂಗಳಾಗಿರಲಿಲ್ಲ, ಮಗ ಒಂದು ಪಟ್ಟಿ ಹಿಡಿದು ಬಂದ. ಸದ್ದಿನ ಸೈಲೆನ್ಸರು, ಮಂಜಿನ ದೀಪಗಳು, ಎತ್ತರದ ಹ್ಯಾಂಡಲ್ಲು, ಹಿಂದಿನ ದೊಡ್ಡ ಹಲ್ಲುಚಕ್ರ, ಸಾಮಾನು ಕಟ್ಟುವ ರ‍್ಯಾಕು. "ಮತ್ತೆ ಈ ಸೀರಿ ಗಾರ್ಡು ತಗದ್ರ ಹಗೂರ ಆಗ್ತದ" ಎಂದೂ ಸೇರಿಸಿದ. ಅದುವರೆಗೆ ಸುಮ್ಮನಿದ್ದ ನಮ್ಮ ಮನೆಯವರು, "ನಿನಗ ಹಗೂರ ಆಗ್ತದ, ನನ್ನ ಸೆರಗು ಗಾಲ್ಯಾಗ ಹೋಗ್ತದ" ಎಂದರು. ಹಿಂದೆ ಕೂಡುವವರ ಬಟ್ಟೆ ಗಾಲಿಗೆ ಸಿಗದಂತೆ ಮರೆ, ಹಿಡಿಕೆ, ಕಾಲಿಡುವ ತಾವು, ಇವು ಮೂರೂ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲೇ ಕಡ್ಡಾಯವಾಗಿವೆ. ಗಾರ್ಡು ಉಳಿಯಿತು.

ಉಳಿದವುಗಳ ವಿಚಾರವಾಗಿ ಕಾಯಿದೆಯ ಮಾತನ್ನು ತಿಳಿದಿರುವುದು ಒಳ್ಳೆಯದು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ ತಯಾರಕರು ಮೂಲದಲ್ಲಿ ಕೊಟ್ಟ ವಿವರಗಳಿಂದ ಬೇರೆಯಾಗುವ ಹಾಗೆ ವಾಹನವನ್ನು ಬದಲಿಸಬಾರದು. 2019ರ ಜನವರಿಯಲ್ಲಿ ಸುಪ್ರೀಮ್ ಕೋರ್ಟು ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಮಾಲಿಕನಿಗೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ. ಸದ್ದಿನ ಸೈಲೆನ್ಸರಿನ ಆಸೆ ಅಲ್ಲಿಗೆ ಮುಗಿಯಿತು. ಹಲ್ಲುಚಕ್ರ ದೊಡ್ಡದು ಮಾಡಿದರೆ ಏರಿನಲ್ಲಿ ಎಳೆತ ಹೆಚ್ಚುತ್ತದೆ, ನಿಜ. ಆದರೆ ಹೆದ್ದಾರಿಯಲ್ಲಿ ಇಂಜಿನ್ನು ಇಡೀ ದಿನ ಅರಚುತ್ತದೆ. ಅದನ್ನೂ ಬಿಟ್ಟೆವು. ಇಂಜಿನ್ನಿನ ಹೊಟ್ಟೆಗೆ ಲೋಹದ ತಟ್ಟೆ, ಕೈಗಳಿಗೆ ಗಾಳಿ–ಕೊಂಬೆ ತಡೆಯುವ ಗಾರ್ಡು, ಸಾಮಾನಿನ ರ‍್ಯಾಕು, ಇಷ್ಟನ್ನು ಕಂಪನಿಯ ಸ್ವಂತ ಸಾಮಾನಿನ ಪಟ್ಟಿಯಿಂದಲೇ ಕೊಂಡೆವು. ವಿಮೆಯವರಿಗೂ ಬರೆದು ತಿಳಿಸಿದೆವು.

ದೀಪಗಳ ವಿಷಯದಲ್ಲಿ ಮಾತ್ರ ನಾವು ಸೋತೆವು. ರಾತ್ರಿಯ ದಾರಿಗೆ ಬೆಳಕು ಬೇಕಲ್ಲವೇ ಎಂದು ನಾವೇ ಒಪ್ಪಿ, ಒಂದು ಬೀದಿಬದಿಯ ಅಂಗಡಿಯಲ್ಲಿ ಅಗ್ಗದ ಜೋಡಿ ಹಾಕಿಸಿದೆವು. ಅಲ್ಲಿ ಮೂಲದ ವಾಯರನ್ನು ಕತ್ತರಿಸಿ, ನಡುವೆ ಫ್ಯೂಜು, ರಿಲೇ ಏನೂ ಇಲ್ಲದೆ ಜೋಡಿಸಿದ್ದರು. ನೋಡಿ ಕೇಳುವ ಬುದ್ಧಿ ನಮಗೂ ಇರಲಿಲ್ಲ. ನವೆಂಬರಿನ ಒಂದು ಸಂಜೆ ಮಗ ಮುರಬಾಡದ ಮೇಲಿಂದ ಮಾಳ್ಶೇಜ್ ಘಾಟಿಗೆ ಹೋಗಿದ್ದವನು ಕತ್ತಲಲ್ಲಿ ಇಳಿಯುವಾಗ ಸುಟ್ಟ ವಾಸನೆ ಬಂದು, ಮುಂದಿನ ದೀಪ ಸಮೇತ ಎಲ್ಲವೂ ಆರಿಹೋಯಿತು. ಘಾಟಿನ ತಿರುವು, ಹಿಂದೆ ಲಾರಿಗಳು. ಅವನು ಗಾಡಿಯನ್ನು ಬದಿಗೆ ತಳ್ಳಿ, ಫೋನಿನ ಬೆಳಕು ಬೀಸುತ್ತ ನಿಂತ. ದೇವರು ದೊಡ್ಡವನು, ಒಬ್ಬ ಟೆಂಪೋದವನು ನಿಂತು ಮುರಬಾಡದವರೆಗೆ ತಂದು ಬಿಟ್ಟ. ಉರಿದದ್ದು ಒಂದು ಗೇಣು ವಾಯರು. ಒಂದು ಫ್ಯೂಜಿದ್ದರೆ ಉರಿಯುತ್ತಿರಲಿಲ್ಲ.

ಆಷಾಢದ ಒಂದು ರಾತ್ರಿ

ಇಷ್ಟರಿಂದ ನಾವು ಪಾಠ ಕಲಿತೆವೆಂದುಕೊಂಡಿದ್ದೆವು. 2025ರ ಜುಲೈಯಲ್ಲಿ ದೊಡ್ಡ ಪಾಠ ಕಾದಿತ್ತು. ಅಂದು ಸಂಜೆಯಿಂದ ಒಂದೇ ಸಮನೆ ಮಳೆ. ಕ್ಲಾಸು ಮುಗಿಸಿ ಕಲ್ಯಾಣದಲ್ಲಿ ಸಿಕ್ಕಿಬಿದ್ದಿದ್ದ ತಂಗಿಯನ್ನು ಕರೆತರಲು ಮಗ ರಜೆಯ ದಿನವೆಂದು ಗಾಡಿ ತೆಗೆದುಕೊಂಡು ಹೋದ. ಬರುವಾಗ ಒಂದು ತಗ್ಗಿನ ರಸ್ತೆಯಲ್ಲಿ ನೀರು ನಿಂತಿತ್ತು. ಕಾರುಗಳು ಹಿಂದಕ್ಕೆ ತಿರುಗುತ್ತಿದ್ದವು. ಸ್ಕೂಟರಾಗಿದ್ದರೆ ಅವನೂ ತಿರುಗುತ್ತಿದ್ದ. ಆದರೆ ಇದು ಎತ್ತರದ ಗಾಡಿ; ನದಿ ದಾಟುವ ಚಿತ್ರಗಳನ್ನು ಅವನು ನೂರು ಸಲ ನೋಡಿದ್ದ. ಮೊದಲ ಗೇರಿನಲ್ಲಿ ಇಳಿಸಿದ. ನಡುನೀರಿನಲ್ಲಿ ಮುಂದಿನ ಗಾಲಿ ಕಾಣದ ಒಂದು ಹಳ್ಳಕ್ಕೆ ಇಳಿಯಿತು. ಇಬ್ಬರೂ ಬಿದ್ದರು.

ಎದೆಮಟ್ಟದ ನೀರಲ್ಲ, ಮೊಣಕಾಲಿನ ನೀರು. ಇಬ್ಬರ ತಲೆಯ ಮೇಲೂ ಹೆಲ್ಮೆಟ್ಟಿತ್ತು. ಅದರಿಂದ ಮಗಳ ಮುಂಗೈ ಮುರಿದದ್ದೇ ದೊಡ್ಡ ಪೆಟ್ಟಾಗಿ ಉಳಿಯಿತು. 2017ರ ಆಗಸ್ಟ್ 29ರ ಮಳೆಯಲ್ಲಿ ಮುಂಬಯಿಯ ಹೆಸರಾಂತ ವೈದ್ಯರೊಬ್ಬರು ನೀರಿನಡಿ ತೆರೆದಿದ್ದ ಮ್ಯಾನ್‌ಹೋಲಿಗೆ ಬಿದ್ದು ತೀರಿಕೊಂಡ ಸುದ್ದಿಯನ್ನು ಓದುಗರು ಮರೆತಿರಲಿಕ್ಕಿಲ್ಲ. ಆ ರಾತ್ರಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ನಾವು ಅದನ್ನೇ ನೆನೆಯುತ್ತಿದ್ದೆವು. ಮಗ ನಮ್ಮ ಮುಖ ನೋಡದೆ ಗೋಡೆ ನೋಡುತ್ತ, "ಗಾಡಿ ದಾಟತಿತ್ತು ಅಪ್ಪಾ, ನಾನು ನಿಂದರಬೇಕಿತ್ತು" ಎಂದ. ಅವನನ್ನು ಬಯ್ಯಬೇಕೆಂದು ಜೋಡಿಸಿಟ್ಟ ಮಾತುಗಳೆಲ್ಲ ನಮ್ಮ ಗಂಟಲಲ್ಲೇ ಉಳಿದವು.

ಬಿದ್ದ ಮೇಲೆ ಮಾಡಿದ ಒಂದು ಕೆಲಸ ಮಾತ್ರ ಸರಿಯಾಗಿತ್ತು: ಅವನು ಮತ್ತೆ ಸ್ಟಾರ್ಟ್ ಒತ್ತಲಿಲ್ಲ. ಗಾಳಿಯನ್ನು ಒತ್ತಿದರೆ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ನೀರು ಕುಡಿದ ಇಂಜಿನ್ನನ್ನು ತಿರುಗಿಸಿದರೆ ಒಳಗಿನ ಕನೆಕ್ಟಿಂಗ್ ರಾಡೇ ಬಾಗಿಬಿಡುತ್ತದೆ. ತಳ್ಳಿಕೊಂಡು ಹೋಗಿ, ಪ್ಲಗ್ಗು ಬಿಚ್ಚಿ ನೀರು ಹೊರಗೆ ಹಾಕಿಸಿ, ಫಿಲ್ಟರೂ ಎಣ್ಣೆಯೂ ಬದಲಿಸಿದ ಮೇಲೆ ಗಾಡಿ ಮತ್ತೆ ಮಾತಾಡಿತು. ಮಳೆಯ ನೀರಿನಿಂದ ಇಂಜಿನ್ನಿಗಾದ ಹಾನಿ ಸಾಮಾನ್ಯ ವಿಮೆಯಲ್ಲಿ ಬಹುಮಟ್ಟಿಗೆ ಬರುವುದಿಲ್ಲ, ಅದಕ್ಕೆ ಪ್ರತ್ಯೇಕ ಕಲಮು ಕೊಳ್ಳಬೇಕೆಂಬುದೂ ಆಗ ತಿಳಿಯಿತು.

ಇಂಜಿನ್ನಿನ ಹೊಟ್ಟೆ 220 ಮಿಲಿಮೀಟರು ಎತ್ತರದಲ್ಲಿದೆಯೆಂದರೆ ಕಲ್ಲು ತಾಗುವುದಿಲ್ಲ ಎಂದಷ್ಟೆ ಅರ್ಥ. ತಳ ಕಾಣದ ನೀರಿಗೆ ಆ ಲೆಕ್ಕ ಸಲ್ಲದು. ನದಿ ದಾಟುವವರೂ ಮೊದಲು ತಾವು ನಡೆದು ನೋಡಿ ಆಮೇಲೆ ಗಾಡಿ ಇಳಿಸುತ್ತಾರೆ. ಊರಿನ ರಸ್ತೆಯಲ್ಲಿ ಅದಕ್ಕೂ ಹೋಗದೆ ಹಿಂದಿರುಗುವುದೇ ಲೇಸು.

ಮೊದಲ ಖರ್ಚು ಯಾವುದಕ್ಕೆ

ಸರಕಾರದ ಲೆಕ್ಕದ ಪ್ರಕಾರ 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ 74,897 ಮಂದಿ ದ್ವಿಚಕ್ರದ ಮೇಲಿದ್ದವರು. 50,029 ಮಂದಿ ತಲೆಗೆ ಹೆಲ್ಮೆಟ್ಟಿಲ್ಲದವರು. ಈ ಐವತ್ತು ಸಾವಿರದಲ್ಲಿ ಹಿಂದೆ ಕೂತವರೇ 14,337. ಆದುದರಿಂದ ಗಾಡಿಯ ಜೊತೆಗೆ ಐ.ಎಸ್.ಐ. ಗುರುತಿನ ಹೆಲ್ಮೆಟ್ಟು ಎರಡು, ಗಟ್ಟಿಯಾದ ಕೈಗವಸು, ಮೊಣಕಾಲಿನ ಕವಚ, ಕಣಕಾಲು ಮುಚ್ಚುವ ಬೂಟು, ಇವುಗಳಿಗೆ ಮೊದಲು ಹಣ ತೆಗೆದಿಡಿ. ಆಮೇಲೆ ಒಳ್ಳೆಯ ಟೈರು, ಬ್ರೇಕಿನ ಪ್ಯಾಡು. ಉಳಿದರೆ ಅಲಂಕಾರ. ನಮ್ಮ ಮನೆಯಲ್ಲಿ ಈ ಕ್ರಮ ತಲೆಕೆಳಗಾಗಿತ್ತು.

ಊರಿಗೆ ಹೋಗುವವರಿಗೆ ಎರಡು ಮಾತು. ಮುಂಬಯಿ–ಪುಣೆ ಎಕ್ಸ್‌ಪ್ರೆಸ್ ದಾರಿಯಲ್ಲೂ ಅಟಲ್ ಸೇತುವಿನ ಮೇಲೂ ದ್ವಿಚಕ್ರಕ್ಕೆ ಪ್ರವೇಶವಿಲ್ಲ. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ದಾರಿಯ ಮುಖ್ಯ ಪಥಗಳಲ್ಲೂ ಇಲ್ಲ. ಘಟ್ಟದ ಮೇಲಿನವರು ಪನವೇಲ, ಖೋಪೋಲಿಯ ಹಳೆಯ ರಸ್ತೆ ಹಿಡಿದು ಸಾತಾರಾ, ಕೊಲ್ಹಾಪುರ, ನಿಪ್ಪಾಣಿಯ ಮೇಲೆ ಹೋಗಬೇಕು. ಕರಾವಳಿಯವರಿಗೆ ಪನವೇಲಿನಿಂದ 66ನೆಯ ಹೆದ್ದಾರಿ. ಮಗನೋ ಮಗಳೋ ಕರ್ನಾಟಕದಲ್ಲಿ ನೌಕರಿ ಹಿಡಿದು ಗಾಡಿಯನ್ನು ಅಲ್ಲಿಯೇ ಇಟ್ಟುಕೊಂಡರೆ, ಹನ್ನೆರಡು ತಿಂಗಳು ಮೀರಿದ ಮೇಲೆ ಅಲ್ಲಿನ ನೋಂದಣಿ ಮಾಡಿಸಬೇಕಾಗುತ್ತದೆ, ಇಲ್ಲಿನ ಆರ್.ಟಿ.ಓ. ಕಚೇರಿಯಿಂದ ನಿರಾಕ್ಷೇಪಣ ಪತ್ರ ತೆಗೆದುಕೊಂಡೇ ಹೊರಡುವುದು ಜಾಣತನ.

ಮಗಳ ಕೈ ಕೂಡಿ ಬಂದಿದೆ. ಗಾಡಿಯನ್ನು ಮಾರಿಬಿಡೋಣವೆಂದು ನಮ್ಮ ಮನೆಯವರು ಎರಡು ತಿಂಗಳು ಹಟ ಹಿಡಿದಿದ್ದರು. ಬೇಡವೆಂದವಳು ಮಗಳೇ. ಮತ್ತೆ ರವಿವಾರ ಕೆಳಗಿಳಿದು, ಎಡಗೈಯಿಂದಲೇ ಕಡ್ಡಿಗಳನ್ನು ತಟ್ಟಿ, "ಇವೆರಡು ಸಡಲ ಆಗ್ಯಾವ" ಎಂದು ತೋರಿಸಿದಳು. ಅಣ್ಣ ಮಾತಿಲ್ಲದೆ ಗಾಡಿಯನ್ನು ಮಿಸ್ತ್ರಿಯಲ್ಲಿಗೆ ತಳ್ಳಿಕೊಂಡು ಹೋದ.

ಈ ವರ್ಷ ಮಳೆಗಾಲಕ್ಕೆ ಮುಂಚೆ ಒಂದು ರವಿವಾರ ಸಂಘದ ಅಂಗಳದಲ್ಲಿ ನಮ್ಮ ಹುಡುಗ ಹುಡುಗಿಯರು ತಮ್ಮ ತಮ್ಮ ಗಾಡಿಗಳನ್ನು ತಂದು ನಿಲ್ಲಿಸಲಿ. ಚೈನು, ಟೈರು, ಬ್ರೇಕು, ದೀಪ, ಒಂದೊಂದನ್ನೂ ಕೂಡಿ ನೋಡೋಣ. ಬಕೆಟ್ಟು, ಬ್ರಶ್ಶು ನಾವು ತರುತ್ತೇವೆ. ಅವಲಕ್ಕಿ, ಚಹಾದ ಹೊಣೆಯನ್ನು ನಮ್ಮ ತಾಯಿಯವರು ಹೊತ್ತಿದ್ದಾರೆ. ಒಂಟೆಗಳ ಸಾಲನ್ನು ನೋಡಬೇಕೆಂದು ಅವರಿಗೂ ಆಸೆಯಂತೆ.